ಐದೆಸಳಿನ ಹೂ

ಶಿಷ್ಯ ಕೇಳಿದ: “ಗುರುಗಳೇ, ನೀವು ಹೇಳಿದಂತೆಯೇ ದಿನಾ ಬೆಳಿಗ್ಗೆ ಉಸಿರು ಕಟ್ಟಿ ಕೂರುತ್ತಿದ್ದೇನೆ. ಒಂದು ತಿಂಗಳಾಯಿತು. ಕೂತ ಹತ್ತು ನಿಮಿಷಕ್ಕೆ ತಲೆ ಸುತ್ತುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ನಿನ್ನೆ ಕೂತಲ್ಲೇ ಬಿದ್ದೆ. ನನ್ನ ಶ್ರದ್ಧೆಯಲ್ಲಿ ಎಲ್ಲಿ ಕೊರತೆ ಇದೆ?”

ಶಿಷ್ಯನ ಹೆಸರು ಚನ್ನಮಲ್ಲ. ಬಿದ್ದಾಗ ಆದ ಗಾಯ ಅವನ ಹಣೆಯ ಮೇಲೆ ಇನ್ನೂ ಹಸಿಯಾಗಿತ್ತು. ಗುರುಗಳು ಗಾಯವನ್ನು ನೋಡಿದರು.

“ಬಿದ್ದ ಮೇಲೆ ಏನು ಮಾಡಿದೆ?”

“ಎದ್ದು ಮತ್ತೆ ಕೂತೆ. ಇವತ್ತು ಇನ್ನೂ ಹೆಚ್ಚು ಹೊತ್ತು ಕಟ್ಟಿದೆ.”

“ಭೇಷ್,” ಎಂದರು ಗುರುಗಳು. ದನಿಯಲ್ಲಿ ಹೊಗಳಿಕೆ ಇರಲಿಲ್ಲ. “ಕೂತುಕೋ ತಮ್ಮಾ. ಉಸಿರಾಡುತ್ತಾ ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ತಲೆ ಸುತ್ತಿದರೆ ಹೇಳು, ಕತೆಗೂ ಶ್ರದ್ಧೆಗೂ ಸಂಬಂಧವಿಲ್ಲ.”

ಚನ್ನಮಲ್ಲ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ನೇಕಾರರ ಊರು. ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಸೀರೆಯ ದಡಿಗೆ, ಸೆರಗಿಗೆ ಚಿತ್ತಾರ ಬರೆದುಕೊಡುವುದು ಅವನ ಕಸುಬು. ಅವನ ಹೆಸರು ಕೇಳಬೇಡ. ಹೆಸರು ಹೇಳಿದರೆ ನೀನು ಹೆಸರನ್ನು ಹಿಡಿದುಕೊಂಡು ಹೋಗುತ್ತೀಯ, ಕತೆ ಇಲ್ಲೇ ಬಿದ್ದಿರುತ್ತದೆ.

ಅವನ ಅಪ್ಪ ಚೌಕಳಿ ಕಾಗದದ ಮೇಲೆ ಬರೆಯುತ್ತಿದ್ದ. ಒಂದು ಚೌಕಕ್ಕೆ ಒಂದು ಎಳೆ. ಮಗನ ಕಾಲಕ್ಕೆ ಮನೆಗೆ ಕಂಪ್ಯೂಟರ್ ಬಂತು. ಅದನ್ನು ಅವನಿಗೆ ಕಲಿಸಿದವನು ಪಕ್ಕದ ಪೇಟೆಯ ಒಬ್ಬ ಮಾಸ್ತರ. ಕಂಪ್ಯೂಟರ್ ಕಲಿಸುವುದೂ ಅವನೇ, ಕೆಟ್ಟರೆ ರಿಪೇರಿ ಮಾಡುವುದೂ ಅವನೇ. ನಕ್ಷೆಗಾರನಿಗೆ ಮಾಸ್ತರ ಎಂದರೆ ದೇವರು. ಬೆಳಿಗ್ಗೆ ಮೌಸ್ ಮುಟ್ಟುವ ಮೊದಲು ಪೇಟೆಯ ದಿಕ್ಕಿಗೆ ಒಂದು ಕೈ ಮುಗಿಯುತ್ತಿದ್ದ. ಮಾಸ್ತರನಿಗೂ ಅದು ಗೊತ್ತಿತ್ತು. ಬೇಡ ಎಂದು ಒಂದು ದಿನವೂ ಹೇಳಲಿಲ್ಲ, ಪುಣ್ಯಾತ್ಮ.

ಆ ಮನೆಯಲ್ಲಿ ಒಂದು ಹಳೆಯ ಸೀರೆಯಿತ್ತು. ನಕ್ಷೆಗಾರನ ಮುತ್ತಜ್ಜಿ ನೇಯ್ದದ್ದು. ದಡಿಯಲ್ಲಿ ತೇರು, ಗಿಳಿ, ಆನೆ ಇದ್ದವು. ಅವೆಲ್ಲ ಊರಿನ ಬೇರೆ ಸೀರೆಗಳಲ್ಲೂ ಉಂಟು. ಆದರೆ ಸೆರಗಿನ ಮೂಲೆಯಲ್ಲಿ ಒಂದೇ ಒಂದು ಹೂವಿತ್ತು. ನಾಲ್ಕು ಬೆರಳಗಲ, ಎಂಟು ಎಸಳು. ಒಂದು ಎಸಳಿನ ಹಾಗೆ ಇನ್ನೊಂದಿಲ್ಲ. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅದನ್ನು ಬೇರೆ ಎಲ್ಲೂ ಯಾರೂ ಕಂಡಿರಲಿಲ್ಲ. ಮುತ್ತಜ್ಜಿ ನಕ್ಷೆ ಬರೆಯದೆ ತಲೆಯೊಳಗಿನಿಂದ ನೇಯ್ದಿದ್ದಳು. ಅವಳು ಹೋದಳು, ಹೂ ಸೀರೆಯಲ್ಲಿ ಉಳಿಯಿತು.

ಸೀರೆಗೆ ವಯಸ್ಸಾಗಿತ್ತು. ಬಿಚ್ಚಿದಾಗಲೆಲ್ಲ ಮಡಿಕೆಯ ಗೆರೆಯಲ್ಲಿ ರೇಷ್ಮೆ ಪುಡಿಯಾಗಿ ಉದುರುತ್ತಿತ್ತು. ಇನ್ನು ಏಳೆಂಟು ಸಲ ಬಿಚ್ಚಬಹುದು, ಅಷ್ಟೇ. ಅಷ್ಟರೊಳಗೆ ಎಳೆ ಎಣಿಸಿ ಹೂವನ್ನು ಕಂಪ್ಯೂಟರಿಗೆ ಇಳಿಸಬೇಕು. ಫೋಟೊ ತೆಗೆದರೆ ಸಾಲದೇ ಎಂದು ನೀನು ಕೇಳಬಹುದು. ಫೋಟೊದಲ್ಲಿ ಬಣ್ಣ ಬರುತ್ತದೆ. ಯಾವ ಎಳೆ ಮೇಲೆ ಹೋಯಿತು, ಯಾವ ಎಳೆ ಕೆಳಗೆ ಹೋಯಿತು ಎನ್ನುವುದು ಬರುವುದಿಲ್ಲ. ಅದಕ್ಕೆ ಸೂಜಿಯ ತುದಿ ಬೇಕು, ಬೆರಳು ಬೇಕು. ಆ ಬೆರಳು ಅವನ ಹೆಂಡತಿಯದು. ಅವಳು ಹುಟ್ಟಾ ನೇಕಾರಳು. ಅವಳು ಸೂಜಿ ಹಿಡಿದು ಎಣಿಸಿ ಹೇಳುವುದು, ಇವನು ಪರದೆಯ ಮೇಲೆ ಚೌಕ ತುಂಬುವುದು. ಹೀಗೆ ತೇರು ಮುಗಿಯಿತು, ಗಿಳಿ ಮುಗಿಯಿತು, ಆನೆ ಮುಗಿಯಿತು. ಒಂದು ದಿನವೂ ಯಂತ್ರ ತಕರಾರು ಮಾಡಲಿಲ್ಲ. ಹೂವನ್ನು ಕೊನೆಗೆ ಇಟ್ಟುಕೊಂಡರು. ಒಳ್ಳೆಯದನ್ನು ಕೊನೆಗೆ ತಿನ್ನುವ ಆಸೆ ನಮಗೆಲ್ಲ ಇದೆಯಲ್ಲ.

ಅಷ್ಟರಲ್ಲಿ ಖಂಡೇನವಮಿ ಬಂತು. ನಿನಗೆ ಗೊತ್ತು, ಅವತ್ತು ಆಯುಧಗಳ ಪೂಜೆ. ನೇಕಾರರ ಮನೆಯಲ್ಲಿ ಮಗ್ಗ ನಿಲ್ಲಿಸಿ, ಲಾಳಿ ತೊಳೆದು, ಹೂ ಏರಿಸುತ್ತಾರೆ. ಈ ಮನೆಯ ಆಯುಧ ಕಂಪ್ಯೂಟರ್. ನಕ್ಷೆಗಾರ ಅದನ್ನು ಆರಿಸಲಿಲ್ಲ. ಪರದೆಯ ಮೇಲೆ ದೇವಿಯ ದೊಡ್ಡ ಚಿತ್ರ ಹಾಕಿ, ದೀಪ ಆರಬಾರದು ಎಂದು ಇಡೀ ದಿನ ಉರಿಸಿದ. ಹೆಂಡತಿ ಪೆಟ್ಟಿಗೆಗೆ ವಿಭೂತಿ ಹಚ್ಚಿದಳು, ಕುಂಕುಮ ಇಟ್ಟಳು. ಹತ್ತಿ ಹೊಸೆದು ಗೆಜ್ಜೆವಸ್ತ್ರ ಮಾಡಿ ಪೆಟ್ಟಿಗೆಗೆ ಹಾರದ ಹಾಗೆ ಹಾಕಿದಳು. ಪೆಟ್ಟಿಗೆಯ ಪಕ್ಕದಲ್ಲಿ ಮುಚ್ಚಳ ತೆರೆಯುವ ಸ್ಕ್ರೂ ಇತ್ತು. ಅದರ ಮೇಲೆ ಮಾಸ್ತರ ತನ್ನ ಕೈಯಾರೆ ಒಂದು ಚೀಟಿ ಅಂಟಿಸಿದ್ದ: ‘ಸೀಲ್ ಒಡೆಯಬಾರದು.’ ಅವಳು ಆ ಚೀಟಿಯ ಮೇಲೂ ಒಂದು ಕುಂಕುಮದ ಬೊಟ್ಟು ಇಟ್ಟಳು. ಪೂಜೆ ಚೆನ್ನಾಗಿ ಆಯಿತು.

ಮರುದಿನ ಬನ್ನಿ ಹಬ್ಬ. ಆ ದಿನವೂ ಕೆಲಸವಿಲ್ಲ. ಹೆಂಡತಿ ಬಾಡಿದ ಹೂ ತೆಗೆಯಲು ಹೋದಾಗ ಗೆಜ್ಜೆವಸ್ತ್ರ ಅರ್ಧವೇ ಉಳಿದಿತ್ತು. “ಇಲಿ ಎಳಕೊಂಡು ಹೋಗಿರಬೇಕು,” ಎಂದಳು. ಆ ಮನೆಯಲ್ಲಿ ಇಲಿ ಬಹಳ. ಆ ಮಾತು ಅಲ್ಲಿಗೇ ಮುಗಿಯಿತು.

ಅದರ ಮಾರನೆಯ ದಿನ ಇಬ್ಬರೂ ಮಡಿಯುಟ್ಟು ಸೀರೆ ಬಿಚ್ಚಿದರು. ನಕ್ಷೆಗಾರ ನಕ್ಷೆಯ ದೊಡ್ಡ ಚಿತ್ರ ತೆರೆದ. ಮೊದಲೆಲ್ಲ ಅದನ್ನು ತೆರೆದೊಡನೆ ಪೆಟ್ಟಿಗೆಯೊಳಗೆ ಗುಂಯ್ ಎಂದು ಒಂದು ಸದ್ದು ಏಳುತ್ತಿತ್ತು. ಅವತ್ತು ಏಳಲಿಲ್ಲ. ಅವನಿಗೆ ಖುಷಿಯೋ ಖುಷಿ. “ನೋಡಿದಿಯಾ, ಪೂಜೆ ಆದಮೇಲೆ ಎಷ್ಟು ಶಾಂತ ಆಗಿದೆ! ದೇವಿ ಒಲಿದಳು,” ಎಂದ. ಹೆಂಡತಿ ಸೂಜಿ ಹಿಡಿದಳು. ಅವಳು ಎಣಿಸಿದಳು, ಅವನು ತುಂಬಿದ. ಒಂದೆಸಳಾಯಿತು, ಎರಡನೆಯದೂ ಮುಗಿಯಿತು. ಆಗ ಪರದೆ ಕಪ್ಪಾಯಿತು.

ಮೊದಲು ಚಿತ್ರ ನಡುಗಿತು, ಬಣ್ಣದ ಗೆರೆ ಗೆರೆ ಬಂತು, ಆಮೇಲೆ ಕಪ್ಪು. ಮತ್ತೆ ಹಚ್ಚಿದ. ಬೆಳಕು ಬಂತು, ಒಂದು ಬರಹವೂ ಬಂತು: ‘ಚಿತ್ರದ ಡ್ರೈವರ್ ಕೆಲಸ ನಿಲ್ಲಿಸಿದೆ.’ ಎರಡೂ ಎಸಳು ಹೋಗಿದ್ದವು, ಸೇವ್ ಮಾಡಿರಲಿಲ್ಲ. ಸೀರೆ ಮಡಚುವಾಗ ಅವಳ ಮಡಿಲಲ್ಲಿ ಒಂದು ಚಿಟಿಕೆ ರೇಷ್ಮೆ ಪುಡಿ ಉಳಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಈಗ ಡ್ರೈವರ್ ಎಂದರೇನು ಎಂದು ಹೇಳಿಬಿಡುತ್ತೇನೆ. ಆ ಹೆಂಗಸೂ ಅದನ್ನೇ ಕೇಳಿದಳು. “ಡ್ರೈವರ್ ಅಂದರೆ ಯಾರ್ರೀ? ಒಳಗೆ ಬಸ್ಸು ಓಡಿಸುತ್ತಾನಾ?” ಎಂದಳು. ಕಂಪ್ಯೂಟರಿನೊಳಗೆ ಚಿತ್ರ ತೋರಿಸುವುದಕ್ಕೇ ಒಂದು ಬೇರೆ ಹಲಗೆ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಹೀಗೆ ಬರೆ, ಹಾಗೆ ತೋರಿಸು ಎಂದು ಆ ಹಲಗೆಗೆ ಅಪ್ಪಣೆ ಕೊಡುವ ಬರಹವೇ ಡ್ರೈವರ್. ಹಲಗೆ ಕೈಗೆ ಸಿಗುವ ವಸ್ತು, ಡ್ರೈವರ್ ಬರೀ ಬರಹ. ಇಷ್ಟು ನೆನಪಿಟ್ಟುಕೋ.

ನಕ್ಷೆಗಾರ ಮಾಸ್ತರನಿಗೆ ಫೋನ್ ಮಾಡಿದ. ಮಾಸ್ತರ ಪೂರ್ತಿ ಕೇಳಲೇ ಇಲ್ಲ. “ಡ್ರೈವರ್ ಎಂದು ಬಂತಾ? ಇಷ್ಟೇ ತಾನೆ ತಮ್ಮಾ! ಹಳೆಯದನ್ನು ಅಳಿಸು, ಹೊಸದನ್ನು ಹಾಕು, ಕೂತು ಕೆಲಸ ಮಾಡು,” ಎಂದ. ಪರದೆಯೇ ಡ್ರೈವರ್ ಎಂದು ಹೇಳುತ್ತಿರುವಾಗ ಇವನಿಗೆ ಯೋಚನೆ ಮಾಡುವ ಕಷ್ಟ ಯಾಕೆ? ಜ್ವರ ನೆತ್ತಿಗೇರಿದವನು ಬಡಬಡಿಸಿದ್ದನ್ನೇ ರೋಗದ ಹೆಸರು ಎಂದು ಬರೆದುಕೊಂಡ ವೈದ್ಯ ಅವನು.

ಇಲ್ಲಿ ಚನ್ನಮಲ್ಲ ತಡೆಯಲಾರದೆ ಕೇಳಿದ: “ಗುರುಗಳೇ, ನಕ್ಷೆಗಾರ ದೇವರೆಂದು ನಂಬಿದ ಮಾಸ್ತರರನ್ನು ನೀವು ಅವನು, ಇವನು ಎನ್ನುತ್ತೀರಲ್ಲ?”

“ಅವನಿಗೆ ಅಷ್ಟೇ ಸಾಕು,” ಎಂದರು ಗುರುಗಳು. “ನೀನಾಗಿದ್ದರೆ ಮೊದಲು ಏನು ಕೇಳುತ್ತಿದ್ದೆ, ಅದು ಹೇಳು.”

ಚನ್ನಮಲ್ಲ ಯೋಚಿಸಿದ. “ನೆಟ್ಟಗಿದ್ದದ್ದು ಎಂದಿನಿಂದ ಕೆಟ್ಟಿತು, ನಡುವೆ ಏನಾಯಿತು ಎಂದು ಕೇಳುತ್ತಿದ್ದೆ.”

“ನಿನ್ನ ವಿಷಯ ಬಿಟ್ಟು ಮಿಕ್ಕವರ ವಿಷಯದಲ್ಲಿ ನಿನಗೆ ಬುದ್ಧಿ ಚೆನ್ನಾಗಿದೆ,” ಎಂದು ಗುರುಗಳು ಕತೆ ಮುಂದುವರಿಸಿದರು.

ಅದನ್ನು ಮಾಸ್ತರ ಕೇಳಲಿಲ್ಲ. ನಕ್ಷೆಗಾರ ಹೇಳಲಿಲ್ಲ. ಅಪ್ಪಣೆಯಾದಂತೆ ಹಳೆಯ ಡ್ರೈವರ್ ಅಳಿಸಿದ, ಹೊಸದು ಹಾಕಿದ. ಯಂತ್ರ ಹೊಸ ಮದುಮಗನ ಹಾಗೆ ಹೊಳೆಯಿತು. ‘ಸರಿಹೋಯಿತು’ ಎಂದು ಸೀರೆ ಬಿಚ್ಚಿದರು. ಈ ಸಲ ಎಸಳಿಗೊಮ್ಮೆ ಸೇವ್ ಮಾಡಿದ. ಎರಡು ಎಸಳು ಕೂತವು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕಪ್ಪು. ಕೂಡಲೇ ಮತ್ತೆ ಹಚ್ಚಿದರೆ ಎರಡೇ ನಿಮಿಷಕ್ಕೆ ಕಪ್ಪು. ಊಟ ಮಾಡಿ ಬಂದು ಹಚ್ಚಿದರೆ ಹತ್ತು ನಿಮಿಷ ನಿಂತಿತು, ಆಮೇಲೆ ಕಪ್ಪು. ನೋಡು, ಯಂತ್ರ ತನ್ನ ಸಂಕಟವನ್ನು ತಾನೇ ಹೇಳುತ್ತಿತ್ತು. ದಣಿದಾಗ ಬೇಗ ಬೀಳುತ್ತೇನೆ, ಸುಧಾರಿಸಿಕೊಂಡರೆ ತುಸು ಹೊತ್ತು ನಿಲ್ಲುತ್ತೇನೆ ಎನ್ನುತ್ತಿತ್ತು. ಬರಹದ ತಪ್ಪಿಗೆ ದಣಿವಿರುತ್ತದೆಯೇ? ಒಬ್ಬರೂ ಹಾಗೆ ಕೇಳಿಕೊಳ್ಳಲಿಲ್ಲ.

ಮತ್ತೆ ಫೋನು. ಮಾಸ್ತರ ಹೇಳಿದ: “ಹಾಗಾದರೆ ಹೊಸ ಡ್ರೈವರ್ ಸರಿಯಿಲ್ಲ. ಹಳೆಯದಕ್ಕೇ ಹೋಗು ತಮ್ಮಾ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎಮ್ಮೆ ಪಾಪ ಎರಡನೆಯ ಬರೆಯನ್ನೂ ಹಾಕಿಸಿಕೊಂಡಿತು. ಸೀರೆ ಮತ್ತೆ ಬಿಚ್ಚಿದರು. ಇನ್ನೆರಡು ಎಸಳು ಕೂತವು. ಮತ್ತೆ ಕಪ್ಪು. ಎಂಟರಲ್ಲಿ ನಾಲ್ಕು ಆಯಿತು, ಸೀರೆಯ ಮಡಿಕೆಯ ಗೆರೆ ಬೆರಳಗಲ ಬಾಯಿ ಬಿಟ್ಟಿತು.

ಆ ದಿನ ಹೆಂಡತಿ ಹೇಳಿದಳು: “ಅಲ್ರೀ, ಇದು ಸರಿಹೋಗುವ ತನಕ ಮಾವನವರ ಹಾಗೆ ಕಾಗದದ ಮೇಲೆ ಬರೆದುಕೊಳ್ಳೋಣ. ಚೌಕಳಿ ಕಾಗದ ಅಟ್ಟದ ಮೇಲೆ ಇದೆ. ಹೂವಾದರೂ ಉಳಿಯುತ್ತದೆ.” ನಕ್ಷೆಗಾರ ಹೂಂ ಎನ್ನುವುದರಲ್ಲಿದ್ದ. ಆದರೆ ಮಾಸ್ತರನನ್ನು ಕೇಳದೆ ಹೇಗೆ? ಕೇಳಿದ. ಮಾಸ್ತರ ನಕ್ಕ. “ಕಂಪ್ಯೂಟರ್ ಕಲಿತವನು ಕಾಗದಕ್ಕೆ ಹೋಗುತ್ತೀಯಾ? ನನ್ನ ಮರ್ಯಾದೆ ಏನಾಗಬೇಕು? ಇನ್ನೊಂದೇ ದಿನ ತಾಳು,” ಎಂದ. ಹೂವಿಗಿಂತ ಮರ್ಯಾದೆ ದೊಡ್ಡದಾಗಿತ್ತು ಅವನಿಗೆ. ಕಾಗದ ಅಟ್ಟದ ಮೇಲೆಯೇ ಉಳಿಯಿತು.

ಆ ಇನ್ನೊಂದು ದಿನದಲ್ಲಿ ಮಾಸ್ತರ ಒಂದು ಪರೀಕ್ಷೆ ಮಾಡಿಸಿದ. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಹಚ್ಚು ಎಂದ. ಹಾಗೆ ಹಚ್ಚಿದರೆ ಯಂತ್ರ ಆ ಡ್ರೈವರನ್ನು ಮುಟ್ಟುವುದಿಲ್ಲ. ದೊಡ್ಡ ಚಿತ್ರವನ್ನೂ ಎತ್ತುವುದಿಲ್ಲ, ಸಣ್ಣಪುಟ್ಟ ಕೆಲಸ ಮಾಡಿಕೊಂಡಿರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಉರಿಯಿತು. ಒಂದು ಸಲವೂ ಕಪ್ಪಾಗಲಿಲ್ಲ. ಮಾಸ್ತರ ಫೋನಿನಲ್ಲೇ ಚಪ್ಪಾಳೆ ತಟ್ಟಿದ. “ನೋಡಿದೆಯಾ! ಡ್ರೈವರ್ ಬಿಟ್ಟರೆ ನೆಟ್ಟಗಿದೆ. ಡ್ರೈವರೇ ಕಳ್ಳ!” ಎಂದ. ಹೇರು ಇಳಿಸಿದ ಎತ್ತು ಕುಂಟದೆ ನಡೆದರೆ ಎತ್ತಿನ ಕಾಲು ನೆಟ್ಟಗಿದೆ ಎಂದು ಅರ್ಥವೇ ತಮ್ಮಾ? ಸುಳ್ಳು ಹೇಳುವ ಪರೀಕ್ಷೆಗಿಂತ ದೊಡ್ಡ ಮೋಸವಿಲ್ಲ. ಅಲ್ಲಿಯವರೆಗೆ ಅವನಿಗೆ ತನ್ನ ಮಾತಿನ ಮೇಲೆ ಒಂದಿಷ್ಟು ಅನುಮಾನವಾದರೂ ಇತ್ತು. ಆಮೇಲೆ ಅದೂ ಹೋಯಿತು.

“ಎಲ್ಲವನ್ನೂ ಅಳಿಸು. ಬರೆದದ್ದನ್ನು ಬೇರೆ ಕಡೆ ತೆಗೆದಿಟ್ಟು, ಯಂತ್ರವನ್ನು ಬೋಳು ಮಾಡಿ, ಮೊದಲಿಂದ ತುಂಬು,” ಎಂದ. ನಕ್ಷೆಗಾರ ಎರಡು ದಿನ ಕೂತು ತುಂಬಿದ. ಮೂರನೆಯ ದಿನ ಮತ್ತೆ ‘ಸರಿಹೋಯಿತು’ ಎಂಬ ಮಾತು ಬಂತು. ಸೀರೆ ಬಿಚ್ಚಿದರು. ಒಂದೇ ಎಸಳು ಕೂತಿತು, ಐದನೆಯದು. ಅಷ್ಟಕ್ಕೇ ಕಪ್ಪು. ಯಂತ್ರದ ತಾಳ್ಮೆಯೂ ಕಡಿಮೆಯಾಗುತ್ತಾ ಬಂದಿತ್ತು.

ನಕ್ಷೆಗಾರ ಅತ್ತುಬಿಟ್ಟ. “ನನ್ನ ಕೈಯಲ್ಲೇ ದೋಷವಿದೆ. ಮಾಸ್ತರು ಇಷ್ಟು ಹೇಳಿಕೊಟ್ಟರೂ ನನಗೆ ಮಾಡಲು ಬರಲಿಲ್ಲ,” ಎಂದ. ಕೇಳಿಸಿಕೋ ಚನ್ನಮಲ್ಲಾ, ಅವನು ಯಂತ್ರವನ್ನು ಬೈಯಲಿಲ್ಲ, ಮಾಸ್ತರನನ್ನು ಬೈಯಲಿಲ್ಲ. ತನ್ನನ್ನೇ ಬೈದುಕೊಂಡ. ಆಮೇಲೆ ಮುಖ ತೊಳೆದು, ಮಾಸ್ತರನನ್ನೇ ಕರೆತರುತ್ತೇನೆಂದು ಪೇಟೆಗೆ ಹೊರಟ. ಹೆಂಡತಿಗೆ ಹೇಳಿ ಹೋದ: “ಪೆಟ್ಟಿಗೆ ಮುಟ್ಟಬೇಡ. ಮಾಸ್ತರ ಸೀಲ್ ಇದೆ.”

ಹೆಂಡತಿ ಒಬ್ಬಳೇ ಪೆಟ್ಟಿಗೆಯ ಮುಂದೆ ಕೂತಳು. ಹೊರಗೆ ಓಣಿಯಲ್ಲಿ ಮಗ್ಗಗಳು ಸದ್ದು ಮಾಡುತ್ತಿದ್ದವು. ಅವುಗಳಲ್ಲಿ ಒಂದು ಸದ್ದು ತಪ್ಪಿತು, ನಿಂತಿತು. ಯಾರದೋ ಮಗ್ಗದಲ್ಲಿ ಎಳೆ ಸಿಕ್ಕಿಕೊಂಡಿತು ಎಂದು ಅವಳು ಕೂತಲ್ಲೇ ತಿಳಿದಳು. ಮಗ್ಗದ ಓಣಿಯಲ್ಲಿ ಬೆಳೆದ ಮಕ್ಕಳಿಗೂ ಅದು ಗೊತ್ತು. ಸದ್ದು ನಿಂತರೆ ಏನೋ ಸಿಕ್ಕಿಕೊಂಡಿದೆ.

ಅವಳು ತಟ್ಟನೆ ಎದ್ದಳು. ಈ ಪೆಟ್ಟಿಗೆಯ ಸದ್ದೂ ನಿಂತಿತ್ತು ತಾನೆ? ಖಂಡೇನವಮಿಯ ಮೊದಲು ಗುಂಯ್ ಎನ್ನುತ್ತಿದ್ದದ್ದು ಆಮೇಲೆ ಅನ್ನಲಿಲ್ಲ. ಶಾಂತವಾಗಿದೆ ಎಂದು ಗಂಡ ಕೈ ಮುಗಿದಿದ್ದ. ಶಾಂತವಾದ ಮಗ್ಗ ಯಾರಿಗೆ ಬೇಕು? ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಹದಿನೈದು ದಿನ ಫೋನಿನಲ್ಲಿ ಹುಡುಕಿದ್ದು ಅವಳ ಕಿವಿಯಲ್ಲೇ ಇತ್ತು.

ಅವಳು ಕಂಪ್ಯೂಟರ್ ಕಲಿತವಳಲ್ಲ. ಆದರೆ ಓಡುವ ಮಗ್ಗಕ್ಕೆ ಕೈ ಹಾಕಬಾರದು ಎಂದು ಗೊತ್ತಿತ್ತು. ಮೊದಲು ಕರೆಂಟಿನ ತಂತಿ ಕಿತ್ತಳು. ಆಮೇಲೆ ಆ ಚೀಟಿ ನೋಡಿದಳು. ಚೀಟಿಯ ಮೇಲೆ ಅವಳೇ ಇಟ್ಟ ಕುಂಕುಮ. ಒಂದು ಕಡೆ ಗುರುವಿನ ಅಪ್ಪಣೆ, ಅದರ ಮೇಲೆ ದೇವರ ಬೊಟ್ಟು. ಇನ್ನೊಂದು ಕಡೆ ಮುತ್ತಜ್ಜಿಯ ಹೂ, ಇನ್ನೂ ಮೂರು ಎಸಳು. “ತಾಯೀ, ತಪ್ಪಾದರೆ ನನಗೆ ಹಾಕು, ಅವರಿಗೆ ಬೇಡ,” ಎಂದಳು. ಸೆರಗಿನಿಂದ ಕುಂಕುಮ ಒರೆಸಿದಳು. ಎಳೆ ಎಣಿಸುವ ಸೂಜಿಯಿಂದ ಚೀಟಿ ಕೊಯ್ದಳು. ಸ್ಕ್ರೂ ತಿರುಗಿಸಿ ಮುಚ್ಚಳ ತೆಗೆದಳು.

ಒಳಗೆ ಗ್ರಾಫಿಕ್ಸ್ ಕಾರ್ಡ್ ಇತ್ತು. ಅದು ದೊಡ್ಡ ಚಿತ್ರ ಎತ್ತಿದಾಗ ಕಾಯುತ್ತದೆ. ಕಾದದ್ದನ್ನು ತಣಿಸಲು ಅದರ ಬೆನ್ನಿಗೆ ಅಂಗೈಯಗಲದ ಒಂದು ಫ್ಯಾನ್. ಗುಂಯ್ ಎನ್ನುತ್ತಿದ್ದದ್ದು ಅದೇ. ಆ ಫ್ಯಾನಿನ ನಡುವಿಗೆ ಹತ್ತಿ ಸುತ್ತಿ ಸುತ್ತಿ ಬಿಗಿದುಕೊಂಡಿತ್ತು. ಹತ್ತಿಯ ಮೇಲೆ ಕುಂಕುಮದ ಗುರುತು ಇನ್ನೂ ಕೆಂಪಾಗಿತ್ತು.

ಇಲಿ ಎಳಕೊಂಡು ಹೋಗಿರಲಿಲ್ಲ. ಪೂಜೆಯ ದಿನ ಉರಿಯುತ್ತಿದ್ದ ಯಂತ್ರ, ಪಕ್ಕದ ಜಾಲರಿಯಿಂದ ಗಾಳಿ ಎಳೆದುಕೊಳ್ಳುವಾಗ ಗೆಜ್ಜೆವಸ್ತ್ರವನ್ನೂ ಒಳಗೆ ಎಳೆದುಕೊಂಡಿತ್ತು.

ಅವಳು ಅಲ್ಲೇ ಕುಸಿದು ಕೂತಳು. “ಅಯ್ಯೋ ನನ್ನ ಕೈಯೇ!” ಎಂದಳು. ಆದರೆ ಅಳುತ್ತಾ ಕೂರಲಿಲ್ಲ. ಬೇರೆಯವರಾದರೆ ಹತ್ತಿಯನ್ನು ಹಿಡಿದು ಎಳೆಯುತ್ತಿದ್ದರು, ಫ್ಯಾನಿನ ರೆಕ್ಕೆ ಮುರಿಯುತ್ತಿತ್ತು. ಸಿಕ್ಕನ್ನು ಎಳೆಯಬಾರದು, ತುದಿ ಹುಡುಕಬೇಕು ಎನ್ನುವುದು ನೇಕಾರರ ಮೊದಲ ಪಾಠ. ಅವಳು ಸೂಜಿಯಿಂದ ತುದಿ ಹುಡುಕಿದಳು, ಫ್ಯಾನನ್ನು ಹಿಂದಕ್ಕೆ ಹಿಂದಕ್ಕೆ ತಿರುಗಿಸುತ್ತಾ ಎಳೆ ಬಿಡಿಸಿದಳು.

ಅಷ್ಟು ಹೊತ್ತಿಗೆ ಗಂಡನೂ ಮಾಸ್ತರನೂ ಬಂದರು. ತೆರೆದ ಪೆಟ್ಟಿಗೆ ನೋಡಿ ಮಾಸ್ತರ ಹೊಸ್ತಿಲಲ್ಲೇ ಗುಡುಗಿದ. “ಸೀಲ್ ಒಡೆದವರು ಯಾರು?”

“ನಾನು ರೀ ಮಾಸ್ತರ,” ಎಂದಳು. ಅಂಗೈ ಚಾಚಿ ಹತ್ತಿ ತೋರಿಸಿದಳು. “ಇದನ್ನು ಹಾಕಿದವಳೂ ನಾನೇ. ತಪ್ಪು ನನ್ನದು. ಆದರೆ ನೀವು ಒಂದು ಸಲ ಬಂದು ಬಿಚ್ಚಿ ನೋಡಿದ್ದರೆ ಅಂದೇ ಕಾಣುತ್ತಿತ್ತಲ್ಲ?”

ಮಾಸ್ತರ ಹತ್ತಿಯನ್ನು ಕೈಗೆ ತೆಗೆದುಕೊಂಡು ನೋಡಿದ. ತಂತಿ ಸಿಕ್ಕಿಸಿ ದೊಡ್ಡ ಚಿತ್ರ ತೆರೆದರು. ಗುಂಯ್ ಎಂದಿತು. ಹತ್ತು ನಿಮಿಷ ನಿಂತಿತು, ಅರ್ಧ ಗಂಟೆ ನಿಂತಿತು, ಒಂದು ಗಂಟೆಯಾದರೂ ಪರದೆ ಕದಲಲಿಲ್ಲ. ಆ ಸದ್ದು ಕೇಳಿ ಅವಳ ಮುಖ ಅರಳಿತು. ಮೂವರೂ ಸೀರೆ ಬಿಚ್ಚಲು ಕೂತರು. ಮೆಲ್ಲಗೆ, ಉಸಿರು ಬಿಗಿಹಿಡಿದು ಬಿಚ್ಚಿದರು.

ಮೂರು ಎಸಳು ಇರಬೇಕಾದ ಜಾಗದಲ್ಲಿ ಪುಡಿ ಇತ್ತು.

ಅವಳು ಆ ಪುಡಿಯ ಮೇಲೆ ಸೂಜಿ ಹಿಡಿದು ತುದಿ ಹುಡುಕಿದಳು. ಎಣಿಸಲು ಎಳೆಯೇ ಇರಲಿಲ್ಲ. ಕೊನೆಗೆ ಸೂಜಿ ಕೆಳಗಿಟ್ಟಳು. ಮುತ್ತಜ್ಜಿ ಎರಡನೆಯ ಸಲ ಸತ್ತಳು ಎಂದು ಅತ್ತಳು.

ನಕ್ಷೆಗಾರ ಏನು ಮಾಡಿದ ಗೊತ್ತೇ? ಮಾಸ್ತರನ ಎರಡು ಕಾಲೂ ಹಿಡಿದು ಹಣೆ ಮುಟ್ಟಿಸಿದ. “ನೀವು ಮನೆಗೆ ಕಾಲಿಟ್ಟ ಗಳಿಗೆಯೇ ಯಂತ್ರ ಸರಿಹೋಯಿತು. ನಿಮ್ಮ ಆಶೀರ್ವಾದ,” ಎಂದ. ವ್ಯಂಗ್ಯವಲ್ಲ. ಮನಸಾರೆ ಹೇಳಿದ. ಬೈದಿದ್ದರೆ ಮಾಸ್ತರ ಬದುಕಿಕೊಳ್ಳುತ್ತಿದ್ದ. ಆ ನಮಸ್ಕಾರವನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ. ಅವತ್ತೇ ಅಂಗಡಿಗೆ ಬೀಗ ಹಾಕಿದ, ಊರು ಬಿಟ್ಟ.

ಹೂ ಏನಾಯಿತು ಎಂದು ಕೇಳು. ಉಳಿದ ಐದೆಸಳನ್ನು ಸುತ್ತ ಜೋಡಿಸಿ ಆ ಗಂಡಹೆಂಡತಿ ಒಂದು ಸೀರೆ ನೇಯ್ಸಿದರು. ಚೆನ್ನಾಗಿತ್ತು. ಊರಿಗೆ ಹಿಡಿಸಿತು. ಈಗ ಆ ಊರಿನ ಪ್ರತಿ ಮಗ್ಗದಲ್ಲೂ ಆ ಹೂ ಇದೆ. ಐದೇ ಎಸಳು ಯಾಕೆ ಎಂದು ಹೊಸಬರು ಕೇಳಿದರೆ, ಹಿರಿಯರ ಕಾಲದಿಂದ ಬಂದದ್ದು, ಆರು ಹಾಕಿದರೆ ಮನೆಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಎಂಟು ಇತ್ತು ಎಂದು ಬಲ್ಲವರು ಮೂವರೇ, ನಕ್ಷೆಗಾರ, ಆ ಹೆಂಗಸು ಮತ್ತು ಆ ಮಾಸ್ತರ. ಅವಳು ಹೇಳುತ್ತಾಳೆ, ಯಾರೂ ನಂಬುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಹಣೆಯ ಗಾಯವನ್ನು ಮರೆತು ಮುಂದಕ್ಕೆ ಬಾಗಿ ಕೂತಿದ್ದ.

“ಊರು ಬಿಟ್ಟ ಆ ಮಾಸ್ತರ ಆಮೇಲೆ ಏನಾದ, ಗುರುಗಳೇ?”

“ಅವನೇ, ತಮ್ಮಾ, ನಿನಗೆ ಉಸಿರು ಕಟ್ಟಿ ಕೂರು ಎಂದವನು.”